ಪದಚರ್ಚೆ: ‘ಮಿನಿ ಬಾಸ್’ಗೆ ಏನೆನ್ನೋಣ? ಪಡಿಯಚ್ಚು, ಇದಿರು, ಪ್ರಕರಿ

ಎಲ್ಲರಿಗೂ ನಮಸ್ಕಾರ.

ವಿಡಿಯೋ ಗೇಮುಗಳು ಕಥೆ ಹೇಳುವ ಬಗೆಯ ಮೇಲೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಕೈ ನಿಂತಿದೆ. ಸಾಲುಸಾಲಾಗಿ ಬರುವ ಪುಡಿ ಶತ್ರುಗಳ ನಡುವೆ ತನ್ನದೇ ಹೆಸರು, ತನ್ನದೇ ಪಟ್ಟುಗಳನ್ನು ಇಟ್ಟುಕೊಂಡು ದಾರಿಗೆ ಅಡ್ಡ ನಿಲ್ಲುವವನು ‘ಬಾಸ್’. ಕೊನೆಯಲ್ಲಿ ಬರುವವನು ‘ಫೈನಲ್ ಬಾಸ್’, ನಡುವೆ ಸಿಗುವವನು ‘ಮಿನಿ ಬಾಸ್’. ಆಡುವ ಹುಡುಗರಿಗೆ ಇದರಲ್ಲಿ ತೊಡಕೇ ಇಲ್ಲ. ‘ಮಿನಿ ಬಾಸ್ ಹೊಡೆದೆ ಮಗಾ’ ಅಂದರೆ ಆಯಿತು. ತೊಡಕೆಲ್ಲ ಬರೆಯಲು ಕೂತವನಿಗೆ.

‘ಬಾಸ್’ ಮೇಲೆ ನನ್ನ ತಕರಾರಿಲ್ಲ. ಡಚ್ಚರ ಮಾತು ಅದು, ಇಂಗ್ಲಿಷಿನ ಮೂಲಕ ನಮ್ಮ ಆಫೀಸಿಗೂ ಆಟೋ ಸ್ಟ್ಯಾಂಡಿಗೂ ಬಂದು ತಳವೂರಿದೆ. (ನಮ್ಮ ದೀರ್ಘದ ‘ಬಾ’ ಇಂಗ್ಲಿಷಿನ ಉಚ್ಚಾರಕ್ಕಿಂತ ಡಚ್ಚರದಕ್ಕೇ ಹತ್ತಿರ, ಗೊತ್ತಿಲ್ಲದೆಯೇ ತವರಿಗೆ ಮರಳಿಸಿದ್ದೇವೆ.) ನನ್ನ ಕಿರಿಕಿರಿ ‘ಮಿನಿ’ಯದು. ಅದು ಗಾತ್ರವನ್ನಷ್ಟೇ ಹೇಳುತ್ತದೆ. ಜಪಾನಿನವರು ಇದನ್ನೇ ‘ಚೂಬೊಸು’ ಅನ್ನುತ್ತಾರೆ. ‘ಚೂ’ ಅಂದರೆ ನಡು, ಅಂದರೆ ಅವರ ಪದ ಜಾಗವನ್ನು ಹೇಳುತ್ತದೆ. ಇವನು ಕಥೆಯಲ್ಲಿ ಮಾಡುವ ಕೆಲಸವೇನು ಎಂಬುದನ್ನು ಎರಡೂ ಹೇಳುವುದಿಲ್ಲ. ಒಳ್ಳೆಯ ಆಟಗಳಲ್ಲಿ ಇವನಿಗೊಂದು ಕೆಲಸ ಇದ್ದೇ ಇರುತ್ತದೆ: ನಮ್ಮೆದುರು ಇನ್ನೂ ಬರದ, ಅಥವಾ ಬಂದರೂ ತುಟಿ ಬಿಚ್ಚದ ದೊಡ್ಡ ಪಾತ್ರವನ್ನು ನಮಗೆ ತಿಳಿಯುವಂತೆ ಮಾಡುವುದು.

ಆಸ್ಟ್ರೇಲಿಯಾದ ಅಡಿಲೇಡಿನ ‘ಟೀಮ್ ಚೆರ್ರಿ’ ಎಂಬ ಪುಟ್ಟ ತಂಡ 2017ರಲ್ಲಿ ತಂದ ‘ಹಾಲೋ ನೈಟ್’ (ಅಂದರೆ ‘ಟೊಳ್ಳು ವೀರ’) ಆಟವನ್ನೇ ತೆಗೆದುಕೊಳ್ಳಿ. ಹ್ಯಾಲೋನೆಸ್ಟ್ ಎಂಬ ಹುಳುಗಳ ರಾಜ್ಯಕ್ಕೆ ಕಿತ್ತಳೆ ಬಣ್ಣದ ಒಂದು ರೋಗ ತಗಲಿದೆ. ಅದನ್ನು ಒಳಗೆ ತುಂಬಿ ಮುಚ್ಚಿಡಲು ಅಲ್ಲಿಯ ರಾಜ ‘ವೆಸಲ್’ಗಳನ್ನು, ಅಂದರೆ ಪಾತ್ರೆಗಳನ್ನು ಹುಟ್ಟಿಸುತ್ತಾನೆ. ಮನಸ್ಸು, ಇಚ್ಛೆ, ದನಿ ಯಾವುದೂ ಇಲ್ಲದ ಟೊಳ್ಳು ಜೀವಗಳು. ಟೊಳ್ಳಾಗಿದ್ದರೆ ರೋಗಕ್ಕೆ ಹಿಡಿಯಲು ಏನೂ ಸಿಗದು ಎಂಬುದು ಅವನ ಲೆಕ್ಕ. ಅವುಗಳಲ್ಲಿ ಆಯ್ದ ಒಂದೇ ಆಟದ ಹೆಸರಿನ ಆ ವೀರ. ಅವನನ್ನು ಕಪ್ಪು ಗುಡಿಯೊಂದರಲ್ಲಿ ಬಂಧಿಸಿಡುತ್ತಾರೆ. ನಾವು ಆಡಿಸುವ ಗೊಂಬೆಯೂ ಅಂಥದೇ ಒಂದು ಪಾತ್ರೆ. ವಸ್ತು ತುಂಬುವುದಕ್ಕೂ ವೇಷ ಕಟ್ಟುವುದಕ್ಕೂ ಸಂಸ್ಕೃತದ ‘ಪಾತ್ರ’ ಒಂದೇ ಆದ್ದರಿಂದ ಕನ್ನಡದಲ್ಲಿ ಈ ಕಥೆ ಹೇಳುವಾಗ ನನಗೆ ಸಿಗುವ ಸುಖ ಇಂಗ್ಲಿಷಿನಲ್ಲಿ ಆಡಿದವರಿಗೆ ಸಿಕ್ಕಿರಲಾರದು.

ಗುಡಿಯ ಕಾಳಗಕ್ಕೆ ಬಹಳ ಮೊದಲೇ ರಾಜ್ಯದ ತಳಭಾಗದಲ್ಲಿ ಒಂದು ಹೆಣ ಸಿಗುತ್ತದೆ. ನಮ್ಮಂಥದೇ ಮೈ, ಕೊಂಬು, ಒಡೆದ ತಲೆ. ನೋಡನೋಡುತ್ತಿದ್ದಂತೆ ಕಿತ್ತಳೆ ಬಣ್ಣದ ಕೀಟಗಳು ಹಾರಿ ಬಂದು ಅದರೊಳಗೆ ಹೊಕ್ಕು, ಹೆಣ ಎದ್ದು ಕತ್ತಿ ಬೀಸುತ್ತದೆ. ‘ಬ್ರೋಕನ್ ವೆಸಲ್’ ಎಂದು ಅದರ ಹೆಸರು. ಗೆದ್ದರೆ ಗಾಳಿಯಲ್ಲಿ ಇನ್ನೊಮ್ಮೆ ಜಿಗಿಯುವ ರೆಕ್ಕೆ ಸಿಗುತ್ತದೆ, ಹಾಗಾಗಿ ಹೆಚ್ಚಿನವರು ರೆಕ್ಕೆಯ ಖುಷಿಯಲ್ಲಿ ಮುಂದೆ ಹೋಗಿಬಿಡುತ್ತಾರೆ. ಆದರೆ ರಾಜನ ಲೆಕ್ಕ ತಪ್ಪಿದ್ದು ಕಣ್ಣಿಗೆ ಬೀಳುವುದೇ ಇಲ್ಲಿ. ಟೊಳ್ಳು ರೋಗಕ್ಕೆ ತಡೆ ಅಲ್ಲವೇ ಅಲ್ಲ. ಬರಿದಾದ ಮನೆಗೆ ಯಾರು ಬೇಕಾದರೂ ಹೊಕ್ಕಬಹುದು.

ಕೊನೆಗೆ ಗುಡಿಯೊಳಗಿನ ವೀರನ ಎದುರು ನಿಂತಾಗ ಅದೇ ಕಿತ್ತಳೆ ಬಣ್ಣ, ಅದೇ ಬಗೆಯ ನುಗ್ಗು, ಅದೇ ಜಿಗಿತ. ಒಂದೇ ಒಂದು ವ್ಯತ್ಯಾಸ: ಕಾಳಗದ ನಡುವೆ ಅವನು ಕತ್ತಿಯನ್ನು ತನ್ನ ಮೈಗೇ ತಿವಿದುಕೊಳ್ಳುತ್ತಾನೆ. ಕೆಳಗಿನ ಹೆಣ ಹಾಗೆ ಮಾಡಿರಲಿಲ್ಲ, ಅದರೊಳಗೆ ಯಾರೂ ಇರಲಿಲ್ಲ. ಇಚ್ಛೆಯೇ ಇಲ್ಲದವನೆಂದು ಆರಿಸಿ ಕಟ್ಟಿಹಾಕಿದವನೊಳಗೆ ಇಷ್ಟು ಕಾಲವೂ ಯಾರೋ ಇದ್ದರು, ಅವರು ಈಗ ನಮ್ಮ ಪರವಾಗಿ ಹೊಡೆದಾಡುತ್ತಿದ್ದಾರೆ ಎಂದೇ ನಾನು ಓದುತ್ತೇನೆ. ಸಣ್ಣ ಬಾಸನ್ನು ನೋಡದೆ ಬಂದಿದ್ದರೆ ಆ ತಿವಿತ ಬರೀ ವಿಚಿತ್ರ ಪಟ್ಟಾಗಿ ಕಾಣುತ್ತಿತ್ತು. ಇದೇ ಆಟದ ಮೊದಮೊದಲಿಗೇ ಬರುವ ‘ಫಾಲ್ಸ್ ನೈಟ್’ ಇದರ ತಿರುವು: ಹೊರಗೆ ಮಹಾವೀರನ ಕವಚ, ಒಳಗೆ ಅದನ್ನು ಕದ್ದು ತೊಟ್ಟ ಬಡಪಾಯಿ ಹುಳ. ಕವಚದೊಳಗೆ ಯಾರಿದ್ದಾರೆ ಎಂದು ಕೇಳುವುದನ್ನು ಆಟ ಆಗಿನಿಂದಲೇ ರೂಢಿಸುತ್ತದೆ.

ಇನ್ನೊಂದು ಬಗೆಯೂ ಇದೆ. ಜಪಾನಿನ ಫ್ರಮ್‌ಸಾಫ್ಟ್‌ವೇರ್ 2011ರಲ್ಲಿ ತಂದ ‘ಡಾರ್ಕ್ ಸೋಲ್ಸ್’ನಲ್ಲಿ ಆರ್ಟೋರಿಯಾಸ್ ಎಂಬ ವೀರನ ಹೆಸರು ಕೇಳುತ್ತದೆ, ಆಳು ಕಾಣುವುದಿಲ್ಲ. ಇರುವುದು ಅವನ ಗೋರಿ, ಅದನ್ನು ಕಾಯುವ ಸಿಫ್ ಎಂಬ ದೈತ್ಯ ತೋಳ. ಬಾಯಲ್ಲಿ ಕತ್ತಿ ಕಚ್ಚಿಕೊಂಡು ಹೋರಾಡುತ್ತದೆ. ಸೋಲು ಹತ್ತಿರವಾದಾಗ ಕುಂಟತೊಡಗುತ್ತದೆ, ಆದರೂ ಬಿಡುವುದಿಲ್ಲ. ನಮಗೆ ಬೇಕಾದ ಉಂಗುರ ಅಲ್ಲಿದೆ, ಕೊಲ್ಲದೆ ವಿಧಿಯಿಲ್ಲ. 2012ರಲ್ಲಿ ಬಂದ ಮುಂದುವರಿಕೆಯ ಕಂತಿನಲ್ಲಿ ಹಿಂದಿನ ಕಾಲಕ್ಕೆ ಹೋದರೆ ಆರ್ಟೋರಿಯಾಸ್ ಸಿಗುತ್ತಾನೆ. ಕತ್ತಲಿಗೆ ಸೋತು ಬುದ್ಧಿ ಕೆಟ್ಟಿದ್ದಾನೆ, ಎಡಗೈ ಜೋತುಬಿದ್ದಿದೆ, ಗುರಾಣಿ ಇಲ್ಲ. ಆ ಗುರಾಣಿಯನ್ನು ಅವನು ಮರಿ ಸಿಫ್‌ನ ಕಾವಲಿಗೆ ಬಿಟ್ಟು ಬಂದಿದ್ದಾನೆ. ಆ ಮರಿಯನ್ನು ಉಳಿಸಿ ಮೂಲ ಆಟಕ್ಕೆ ಮರಳಿದರೆ, ಗೋರಿಯ ಮುಂದಿನ ತೋಳ ನಮ್ಮ ಗುರುತು ಹಿಡಿಯುತ್ತದೆ. ಗುರುತು ಹಿಡಿದ ಮೇಲೂ ಕತ್ತಿ ಎತ್ತುತ್ತದೆ. ಆರ್ಟೋರಿಯಾಸ್ ಎಂಥವನಾಗಿದ್ದ ಎನ್ನುವುದಕ್ಕೆ ಶಾಸನ, ದಂತಕಥೆಗಳಿಗಿಂತ ನನಗೆ ಆ ತೋಳದ ನಡೆಯೇ ಹೆಚ್ಚು ನಂಬುಗೆಯ ಸಾಕ್ಷಿ.

ಈಗ ಪದಕ್ಕೆ ಬರುತ್ತೇನೆ. ‘ಕಿರುಬಾಸ್’ ಅಂದರೆ ಮತ್ತೆ ಗಾತ್ರಕ್ಕೇ ಬಂದೆವು. ‘ಉಪನಾಯಕ’ ಎಂದು ಬರೆದರೆ ಓದುಗರ ಕಣ್ಣಿಗೆ ಕ್ರಿಕೆಟ್ ತಂಡ ಬರುತ್ತದೆ. ‘ಖಳ’ ಸೇರಿಸಿದರೆ ಸಿಫ್‌ಗೆ ಅನ್ಯಾಯ. ‘ಎದುರಾಳಿ’ ಚುನಾವಣೆಯಲ್ಲಿ ಸವೆದುಹೋಗಿದೆ. ‘ಪಡಿಯಚ್ಚು’ ಬ್ರೋಕನ್ ವೆಸಲ್‌ಗೆ ಅಳತೆ ತೆಗೆದು ಹೊಲಿದಂತಿದೆ, ಆದರೆ ತೋಳ ವೀರನ ಪಡಿಯಚ್ಚಲ್ಲ.

ಕರಾವಳಿಯ ತಾಳಮದ್ದಳೆಯವರ ‘ಇದಿರು’ ನನಗೆ ಹಿಡಿಸಿದೆ. ಇದಿರು ಅರ್ಥಧಾರಿ (ಎದುರು ಕೂತು ಇನ್ನೊಂದು ಪಾತ್ರವಾಗಿ ಮಾತಾಡುವವನು) ಎಂದರೆ ಹಗೆ ಎಂದೇನೂ ಅಲ್ಲ, ಯಾರ ಮಾತಿನಿಂದ ಈಚೆಯವನ ಪಾತ್ರ ಅರಳುತ್ತದೋ ಅವನು. ‘ಅಂಗದ ಸಂಧಾನ’ದಲ್ಲಿ ಅಂಗದ ರಾವಣನ ಮುಂದೆ ನಿಲ್ಲುವ ಮೊದಲು ಪ್ರಹಸ್ತನೊಂದಿಗೆ ವಾದಕ್ಕಿಳಿಯುತ್ತಾನಲ್ಲ, ಆ ಪ್ರಹಸ್ತ ನನ್ನ ಮಟ್ಟಿಗೆ ಅಚ್ಚುಕಟ್ಟಾದ ಮಿನಿ ಬಾಸ್. ರಾವಣನ ಆಸ್ಥಾನ ಎಂಥದ್ದು ಎಂಬುದರ ಮೊದಲ ರುಚಿ ಅಲ್ಲೇ ಸಿಗುತ್ತದೆ.

ಇನ್ನೊಂದು, ನಾಟ್ಯಶಾಸ್ತ್ರದ ‘ಪ್ರಕರಿ’. ಐದು ಅರ್ಥಪ್ರಕೃತಿಗಳಲ್ಲಿ, ಅಂದರೆ ಕಥೆಯನ್ನು ಫಲದತ್ತ ನಡೆಸುವ ಅಂಶಗಳಲ್ಲಿ, ‘ಪತಾಕೆ’ ದೂರದವರೆಗೆ ಸಾಗುವ ಉಪಕಥೆ, ಸುಗ್ರೀವನದ್ದರಂತೆ. ‘ಪ್ರಕರಿ’ ಒಂದೆಡೆ ಬಂದು ಅಲ್ಲೇ ಮುಗಿಯುವ ಕಿರುಪ್ರಸಂಗ. ಶಬರಿ, ಜಟಾಯುಗಳನ್ನು ಉದಾಹರಣೆ ಕೊಡುತ್ತಾರೆ. ತನ್ನ ಸ್ವಂತ ಫಲವಿಲ್ಲದೆ ಮುಖ್ಯ ಕಥೆಗೆ ಒದಗುವುದು ಅದರ ಲಕ್ಷಣ. ನನಗೆ ಬೇಕಾದ ‘ಕೆಲಸ’ದ ಅರ್ಥ ಇದರಲ್ಲಿದೆ. ಆದರೆ ಪ್ರಕರಿ ಎನ್ನುವುದು ಪ್ರಸಂಗದ ಹೆಸರು, ಆಳಿನದ್ದಲ್ಲ. ಜೊತೆಗೆ ಅದು ನಾಯಕನಿಗೆ ನೆರವಾಗುತ್ತದೆ, ನಮ್ಮವನು ಅಡ್ಡ ನಿಲ್ಲುತ್ತಾನೆ. ‘ಪ್ರಕರಿ ಬಾಸ್’ ಎಂದು ಜೋಡಿಸೋಣವೆಂದರೆ ಸಂಸ್ಕೃತಕ್ಕೂ ಡಚ್ಚಿಗೂ ಗಂಟು ಹಾಕಿದ ಈ ಅರಿಸಮಾಸವನ್ನು ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಕೂಡ ಊಹಿಸಿರಲಾರ.

ಸದ್ಯಕ್ಕೆ ನನ್ನ ಮನಸ್ಸು ‘ನಡು ಇದಿರು’ ಕಡೆಗಿದೆ. ‘ಇವನು ಕಥೆಯ ನಡು ಇದಿರು, ಕೊನೆಯ ಇದಿರಿನ ಗುಟ್ಟು ಇವನಲ್ಲಿದೆ’ ಎಂದು ಬರೆಯಬಹುದು. ಮೈಸೂರು ಸೀಮೆಯವರಿಗೆ, ಬಯಲುಸೀಮೆಯವರಿಗೆ ಈ ಪ್ರಯೋಗ ಕಿವಿಗೆ ಒಗ್ಗುತ್ತದೆಯೇ, ಅಥವಾ ‘ಇದಿರು’ ಬರೀ ‘ಮುಂದೆ’ ಎಂದೇ ಕೇಳಿಸುತ್ತದೆಯೇ? ಪ್ರಹಸ್ತನಂಥ ಪಾತ್ರಗಳಿಗೆ ಮೇಳದವರಲ್ಲಿ, ಅಥವಾ ಉತ್ತರ ಕರ್ನಾಟಕದ ದೊಡ್ಡಾಟ, ಸಣ್ಣಾಟದವರಲ್ಲಿ ಬೇರೆ ಹೆಸರು ಓಡಾಡುತ್ತಿದ್ದರೆ ದಯವಿಟ್ಟು ವಾಕ್ಯದಲ್ಲಿ ಬಳಸಿ ತೋರಿಸಿ; ನಿಘಂಟಿನ ಅರ್ಥಕ್ಕಿಂತ ಆಡುಮಾತಿನ ಒಂದು ವಾಕ್ಯ ನನಗೆ ಹೆಚ್ಚು ಉಪಯೋಗ. ಅಲ್ಲಿಯವರೆಗೆ ಕರಡಿನಲ್ಲಿ ‘ಮಿನಿ ಬಾಸ್’ ಎಂದೇ ಬರೆದು ಮುಂದೆ ಸಾಗುತ್ತಿದ್ದೇನೆ.