ಸಹಾಯ ಬೇಕು: 'ಕ್ರೈಸ್ಟ್ ಇನ್ ಕಾಂಕ್ರೀಟ್'ನಲ್ಲಿ 'ಜಾಬ್' ಅಂದರೆ ಏನು?

ಪಿಯೆಟ್ರೊ ಡಿ ಡೊನಾಟೊ ಅವರ ಈ 1939ರ ಕಾದಂಬರಿ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಕಡೆ ಪೂರ್ತಿ ನಿಂತುಹೋಗಿದೆ.

ನ್ಯೂಯಾರ್ಕಿಗೆ ವಲಸೆ ಬಂದ ಇಟಲಿಯ ಗಾರೆ ಕೆಲಸಗಾರರ ಕತೆ ಇದು. ಯೇಸುವನ್ನು ಶಿಲುಬೆಗೇರಿಸಿದ ದಿನವಾದ ಗುಡ್ ಫ್ರೈಡೆಯಂದೇ ಕಟ್ಟಡ ಕುಸಿದು, ಅವರಲ್ಲೊಬ್ಬನಾದ ಜೆರೆಮಿಯೊ ಕಾಂಕ್ರೀಟಿನಲ್ಲಿ ಹೂತು ಸಾಯುತ್ತಾನೆ. ಅಲ್ಲಿ ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ. ಲೇಖಕರ ತಂದೆಯೂ 1923ರ ಗುಡ್ ಫ್ರೈಡೆಯಂದೇ ಹೀಗೆ ಸತ್ತವರು. ಯೇಸುವಿನ ಜೊತೆಗಿನ ಹೋಲಿಕೆ ಅರ್ಥವಾಯಿತು.

ತೊಡಕಿರುವುದು 'ಜಾಬ್' ಪದದಲ್ಲಿ. ಲೇಖಕರು ಅದನ್ನು ಒಬ್ಬರ ಹೆಸರಿನ ಹಾಗೆ ಬಳಸುತ್ತಾರೆ. ಮನುಷ್ಯರನ್ನು ನುಂಗುವ ಜೀವಿಯ ಹಾಗೆ ಕಾಣುತ್ತದೆ. ಜಡಕ್ಕೆ ಜೀವ ಕೊಡುವ ಅಲಂಕಾರ ಅಂತ ಮೊದಲು ಬರೆದೆ. ಆ ಸಾಲುಗಳನ್ನೆಲ್ಲ ಗುರುತು ಹಾಕಿ ಮತ್ತೆ ಓದಿದಾಗ ಅಷ್ಟೇ ಸಾಲದು ಅನ್ನಿಸಿತು. ಇಂಗ್ಲಿಷಿನಲ್ಲಿ ಬೈಬಲ್ಲಿನಲ್ಲಿ ದೇವರ ಪರೀಕ್ಷೆಗೆ ಸಿಕ್ಕಿ ಕಷ್ಟಪಡುವ ಯೋಬನ ಹೆಸರಿಗೂ ಇದೇ ಕಾಗುಣಿತ ಅಲ್ವಾ? ಕೊನೆಯಲ್ಲಂತೂ ಜೆರೆಮಿಯೊನ ಮಗ ಪಾಲ್ ತಾಯಿಯ ಎದುರೇ ಶಿಲುಬೆಯನ್ನು ಪುಡಿ ಮಾಡುತ್ತಾನೆ. ಅಲ್ಲಿ ಇನ್ನೂ ಗೊಂದಲವಾಯಿತು.

ಓದಿದವರು ದಯವಿಟ್ಟು ಹೇಳಿ: 'ಜಾಬ್' ಅನ್ನು ಬರೀ ಖಳಪಾತ್ರ ಅಂತ ಓದಬೇಕೋ, ಕ್ರಿಸ್ತನಿಗೆ ಎದುರಾಗಿ ನಿಂತ ಇನ್ನೊಂದು ದೇವರು ಅಂತಲೋ? ಯಾವ ದೃಶ್ಯದಿಂದ ಹಾಗೆ ಅನ್ನಿಸಿತು?