ಚೆಕ್ ವಾಲ್ವ್ ಇದ್ದರೂ ಸಂಪ್ ತುಂಬಿ ಹರಿಯಿತು, ಯಾಕೆ?

ಪ್ರಶ್ನೆ: ಸರ್, ನನ್ನದು 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಮೀನಿನ ಟ್ಯಾಂಕ್. ಕೆಳಗೆ ಸಂಪ್ ಇದೆ, ಅಂದರೆ ಟ್ಯಾಂಕಿನಿಂದ ಇಳಿದ ನೀರು ಶುದ್ಧವಾಗಿ ಪಂಪಿನಿಂದ ಮತ್ತೆ ಮೇಲೇರುವ ತೊಟ್ಟಿ. ಮೊನ್ನೆ ರಾತ್ರಿ ಕರೆಂಟ್ ಹೋಗಿತ್ತು, ಬೆಳಿಗ್ಗೆ ಎದ್ದು ನೋಡಿದರೆ ನೆಲವೆಲ್ಲ ನೀರು. ನೀರನ್ನು ಟ್ಯಾಂಕಿಗೆ ಮೇಲೇರಿಸುವ ರಿಟರ್ನ್ ಪೈಪಿಗೆ ಆರು ತಿಂಗಳ ಹಿಂದೆಯೇ, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಹಾಕಿದ್ದೇನೆ. ಇನ್ನೂ ಒಳ್ಳೇ ವಾಲ್ವ್ ತರಬೇಕಾ?

ಉತ್ತರ: ವಾಲ್ವ್ ವಿಷಯ ಆಮೇಲೆ. ರಿಟರ್ನ್ ಪೈಪಿನ ಬಾಯಿ ನೀರಿನ ಮಟ್ಟದಿಂದ ಎಷ್ಟು ಕೆಳಗಿದೆ, ಅಳೆದು ಹೇಳಿ.

ಪ್ರಶ್ನೆ: 15 ಸೆಂ.ಮೀ. ಸರ್. ಮೇಲಿಟ್ಟರೆ ಸದ್ದು ಜಾಸ್ತಿ ಅಂತ ಕೆಳಗಿಳಿಸಿದ್ದೆ.

ಉತ್ತರ: ಅಲ್ಲೇ ಇರೋದು ಎಡವಟ್ಟು. ಪಂಪ್ ನಿಂತ ಕೂಡಲೇ ಅದೇ ಪೈಪ್ ಸೈಫನ್ ಆಗುತ್ತದೆ. ನೀರು ಪಂಪಿನ ಮೂಲಕವೇ ವಾಪಸ್ ಇಳಿಯಲು ಶುರು ಮಾಡಿದರೆ, ಪೈಪಿನ ಬಾಯಿಗೆ ಗಾಳಿ ಸಿಗುವ ತನಕ ನಿಲ್ಲುವುದಿಲ್ಲ. ನಿಮ್ಮ ಟ್ಯಾಂಕಿನಲ್ಲಿ ನೀರು 1 ಸೆಂ.ಮೀ. ಇಳಿದರೆ 5.4 ಲೀಟರ್. 15 ಸೆಂ.ಮೀ.ಗೆ 81 ಲೀಟರ್ ಆಯಿತು! ಟ್ಯಾಂಕಿನ ಹೆಚ್ಚಿನ ನೀರನ್ನು ಸಂಪಿಗೆ ಬಿಡುವ ಓವರ್‌ಫ್ಲೋ ಕಡೆಯಿಂದ ಇಳಿಯುವ ನೀರು ಬೇರೆ. ಬಾಯಿಯನ್ನು 2 ಸೆಂ.ಮೀ. ಆಳಕ್ಕೆ ಎತ್ತಿಬಿಡಿ, ಸುಮಾರು 11 ಲೀಟರಿಗೇ ಮುಗಿಯುತ್ತದೆ. ಬಾಯಿ ನೀರೊಳಗೇ ಇರುವುದರಿಂದ ದಬದಬ ಸದ್ದೂ ಇರುವುದಿಲ್ಲ.

ಎತ್ತಲು ಆಗದಿದ್ದರೆ, ನೀರಿನ ಮಟ್ಟಕ್ಕಿಂತ ಚೂರೇ ಕೆಳಗೆ ಪೈಪಿಗೆ 6 ಮಿ.ಮೀ. ತೂತು ಕೊರೆಯಿರಿ. ನೀರು ಅಲ್ಲಿಗೆ ಇಳಿದಾಗ ಗಾಳಿ ಒಳಗೆ ಹೋಗಿ ಸೈಫನ್ ಕಡಿಯುತ್ತದೆ. ಆದರೆ ತೂತಿಗೆ ಪಾಚಿ ಕಟ್ಟುತ್ತದೆ, ಹಳೇ ಬ್ರಷ್ ಹಿಡಿದು ಆಗಾಗ ಉಜ್ಜುತ್ತಿರಬೇಕು. ಮರೆತರೆ ತೂತು ಇದ್ದೂ ಇಲ್ಲದ ಹಾಗೆ.

ಇನ್ನು ವಾಲ್ವ್. ಒಮ್ಮೆ ಇದೇ ತರಹದ ಕೇಸಿನಲ್ಲಿ ಬಿಚ್ಚಿ ನೋಡಿದರೆ, ಒಳಗಿನ ಮುಚ್ಚಳಕ್ಕೂ ಅದು ಕೂರುವ ಜಾಗಕ್ಕೂ ನಡುವೆ ಸಾಸಿವೆ ಕಾಳಿನಷ್ಟು ಬಸವನಹುಳು ಸಿಕ್ಕಿಕೊಂಡಿತ್ತು. ಮುಚ್ಚಳ ಕೂದಲೆಳೆಯಷ್ಟು ತೆರೆದಿದ್ದರೂ ಸಾಕು, ರಾತ್ರಿಯಿಡೀ ಸದ್ದಿಲ್ಲದೆ ಇಳಿಯುತ್ತದೆ. ವಾಲ್ವ್ ಇದ್ದರೆ ಇರಲಿ, ಅದನ್ನೇ ನಂಬಿ ಮಲಗಬೇಡಿ.

ಪ್ರಶ್ನೆ: ಸರಿ ಸರ್. ಹಾಗಾದರೆ ಸಂಪಿನಲ್ಲಿ ನೀರು ಎಷ್ಟಿರಬೇಕು?

ಉತ್ತರ: ಲೆಕ್ಕಕ್ಕಿಂತ ಪರೀಕ್ಷೆ ಮಾಡಿ ನೋಡೋದು ವಾಸಿ. ವಾಲ್ವ್ ತೆಗೆದಿಟ್ಟು ಬರೀ ಪೈಪ್ ಜೋಡಿಸಿ, ಇಲ್ಲದಿದ್ದರೆ ಆ ಹೊತ್ತಿಗೆ ಅದು ಸರಿಯಾಗಿ ಮುಚ್ಚಿಕೊಂಡು ನಿಮ್ಮನ್ನು ಏಮಾರಿಸುತ್ತದೆ. ಸಂಪಿನ ನೀರು ಸ್ವಲ್ಪ ಕಮ್ಮಿ ಮಾಡಿ, ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಪಂಪ್ ಆಫ್ ಮಾಡಿ. ನೀರು ಇಳಿದು ನಿಂತ ಮೇಲೂ ಸಂಪಿನ ಅಂಚಿಗೆ ಎರಡು ಬೆರಳು ಜಾಗ ಉಳಿದಿರಬೇಕು. ಆಮೇಲೆ ಪಂಪ್ ಆನ್ ಮಾಡಿ, ಸಂಪಿನೊಳಗೆ ಪಂಪಿರುವ ಭಾಗದಲ್ಲಿ ನೀರು ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಗಾಜಿಗೆ ಟೇಪ್ ಅಂಟಿಸಿ. ಆವಿಯಾದ ನೀರನ್ನು ತುಂಬುವಾಗ ಟೇಪ್ ದಾಟಬೇಡಿ.

ಪ್ರಶ್ನೆ: ಈಗಷ್ಟೇ ವಾಲ್ವ್ ಬಿಚ್ಚಿದೆ ಸರ್. ಬಸವನಹುಳು ಇಲ್ಲ, ಒಂದು ಮರಳಿನ ಹರಳು ಇತ್ತು!