ಕಣ್ಣಾಸ್ಪತ್ರೆಗೆ ಬಿದ್ದ ಒಂದು ಸ್ಟಾರ್ ರಿವ್ಯೂಗಳಲ್ಲಿ ಯಾವ ದೂರನ್ನು ಲೆಕ್ಕಕ್ಕೆ ತಗೋಬೇಕು?

ದಾವಣಗೆರೆ_ಓದುಗ
ಅಮ್ಮನ ಪೊರೆ ಆಪರೇಷನ್‌ಗೆ ಎರಡು ಆಸ್ಪತ್ರೆ ನೋಡಿಟ್ಟಿದ್ದೇವೆ. ಎರಡರ ರಿವ್ಯೂಗಳಲ್ಲೂ ಹೊಗಳಿಕೆಯಷ್ಟೇ ಬೈಗುಳ ಇದೆ. ಪದೇ ಪದೇ ಕಾಣುವ ದೂರುಗಳು ಇವು: ಮೂರು ಗಂಟೆ ಕೂರಿಸಿದರು, ದುಬಾರಿ ಲೆನ್ಸ್ ತಲೆಗೆ ಕಟ್ಟಿದರು, ವರ್ಷದೊಳಗೆ ಮತ್ತೆ ಪೊರೆ ಬಂತು, ಕೊಟ್ಟ ಕನ್ನಡಕ ಹೊಂದಲಿಲ್ಲ. ಇದರಲ್ಲಿ ಡಾಕ್ಟರ ಕೆಲಸಕ್ಕೆ ಸಂಬಂಧಿಸಿದ್ದು ಯಾವುದು? ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಬಲ್ಲವರು ತಿಳಿಸಿ.

ಕನ್ನಡಕದ_ಕೋಣೆ
ಕಾಯಿಸಿದರು ಅನ್ನೋ ದೂರನ್ನು ಪಕ್ಕಕ್ಕಿಡಿ. ಪಾಪೆ ಅಗಲಿಸುವ ಹನಿ ಹಿಡಿಯಲು 20–30 ನಿಮಿಷ ಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಪಾಪೆ ಸುಲಭಕ್ಕೆ ಅಗಲುವುದಿಲ್ಲ, ಹನಿಯನ್ನು ಎರಡು ಮೂರು ಸಲ ಹಾಕಬೇಕಾಗುತ್ತದೆ. ಅದಕ್ಕೂ ಮುಂಚೆ ಪವರ್ ಮತ್ತು ಕಣ್ಣಿನ ಒತ್ತಡದ ಪರೀಕ್ಷೆ, ಆಮೇಲೆ ಡಾಕ್ಟರ ಸರದಿ. ಅರ್ಧ ದಿನ ಹೋಗುತ್ತದೆ ಅಂತಲೇ ಹೊರಡಿ. ಅಮ್ಮನಂಥವರಿಗೆ ಹನಿಯನ್ನೇ ಹಾಕದೆ ಆಪರೇಷನ್ ತಾರೀಕು ಕೊಟ್ಟರೆ ನೀವು ಅನುಮಾನಪಡಬೇಕು. ಹನಿ ಹಾಕುವುದೇ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾ ನೋಡಲು. ಅದು ಮೊದಲೇ ಹಾಳಾಗಿದ್ದರೆ ಪೊರೆ ಎಷ್ಟು ಚೆನ್ನಾಗಿ ತೆಗೆದರೂ ನೋಟ ಪೂರ್ತಿ ಬರುವುದಿಲ್ಲ. 'ಆಪರೇಷನ್ ಆದರೂ ಕಾಣಿಸುತ್ತಿಲ್ಲ' ಎಂಬ ರಿವ್ಯೂಗಳಲ್ಲಿ ಕೆಲವು ಇಂಥವು. ಇದನ್ನು ಮೊದಲೇ ಹೇಳದಿದ್ದರೆ ಅದು ಆಸ್ಪತ್ರೆಯ ತಪ್ಪು. ಪೊರೆ ತೀರಾ ಗಟ್ಟಿಯಾಗಿ ಒಳಗೆ ಏನೂ ಕಾಣದಿದ್ದರೆ ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಮಾಡುತ್ತಾರೆ.

ಒಮ್ಮೆ ತೆಗೆದ ಪೊರೆ ಮತ್ತೆ ಬರುವುದಿಲ್ಲ. ಹೊಸ ಲೆನ್ಸ್ ಕೂರಿಸಲೆಂದು ಉಳಿಸಿಕೊಂಡ ಹಳೆಯ ಲೆನ್ಸಿನ ಚೀಲದ ಹಿಂಪದರ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮಸುಕಾಗಬಹುದು. ಯಾಗ್ ಲೇಸರ್‌ನಲ್ಲಿ ಕೆಲವೇ ನಿಮಿಷದಲ್ಲಿ ಸರಿಯಾಗುತ್ತದೆ. ಒಳ್ಳೆಯ ಸರ್ಜನ್ ಮಾಡಿದ ಕಣ್ಣಲ್ಲೂ ಇದು ಆಗುತ್ತದೆ.

ಕನ್ನಡಕದ ದೂರಿನಲ್ಲಿ ತಾರೀಕು ನೋಡಿ. ಸಾಮಾನ್ಯವಾಗಿ ಕೊನೆಯ ನಂಬರ್ ಬರೆಯುವುದು 4–6 ವಾರದ ನಂತರ. ಮೊದಲ ವಾರವೇ ಮಾಡಿಸಿದ್ದು ಹೊಂದದಿರಬಹುದು. ಅಂಗಡಿಯ ತಪ್ಪೂ ಇರುತ್ತದೆ. ಚೀಟಿ ಮತ್ತು ಕನ್ನಡಕ ಎರಡನ್ನೂ ಬೇರೊಂದು ಅಂಗಡಿಗೆ ಒಯ್ದು ಲೆನ್ಸೋಮೀಟರ್‌ನಲ್ಲಿ (ಕನ್ನಡಕದ ಪವರ್ ಅಳೆಯುವ ಯಂತ್ರ) ಓದಿಸಿ. ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮ ಇಲ್ಲದ್ದನ್ನು ತಿದ್ದುವುದು ಸಿಲಿಂಡರ್ ಪವರ್, ಅದು ಕೂರುವ ಕೋನ ಆಕ್ಸಿಸ್. ಆಕ್ಸಿಸ್ 10 ಡಿಗ್ರಿ ತಿರುಗಿದ್ದರೆ ಸಿಲಿಂಡರ್ ಪವರಿನ ಮೂರನೇ ಒಂದು ಭಾಗದಷ್ಟು ದೋಷ ಹಾಗೇ ಉಳಿಯುತ್ತದೆ. ಎರಡು ಪಾಪೆಗಳ ನಡುವಿನ ಅಳತೆಯನ್ನೂ ನೋಡಿಸಿ.

ಲೆನ್ಸ್_ವಿಚಾರ
ನಿಜವಾದ ತಕರಾರು ಇರುವುದು ಲೆನ್ಸ್ ದೂರಿನಲ್ಲೇ. ಬೆಲೆ ಮಾತಾಡುವವರು ಹೆಚ್ಚಾಗಿ ಕೌನ್ಸೆಲರ್, ಡಾಕ್ಟರ್ ಅಲ್ಲ. ಅದಕ್ಕೇ 'ಅಷ್ಟು ದುಡ್ಡು ಕೊಟ್ಟರೂ ಓದಲು ಕನ್ನಡಕ ಬೇಕು' ಎಂಬ ರಿವ್ಯೂ ಹುಟ್ಟುತ್ತದೆ. ಮಾನೋಫೋಕಲ್ ಎಷ್ಟೇ ದುಬಾರಿಯಾದರೂ ಒಂದೇ ದೂರಕ್ಕೆ. ದೂರಕ್ಕೆ ಹೊಂದಿಸಿದರೆ ಓದಲು ಕನ್ನಡಕ ಬೇಕೇ ಬೇಕು. ಮಲ್ಟಿಫೋಕಲ್‌ನಲ್ಲಿ ಆ ಅಗತ್ಯ ಕಡಿಮೆ, ಆದರೆ ರಾತ್ರಿ ಗಾಡಿ ದೀಪಗಳ ಸುತ್ತ ಬಳೆ ಕಾಣುತ್ತದೆ, ಮಬ್ಬು ಬೆಳಕಿನಲ್ಲಿ ಸ್ಪಷ್ಟತೆ ಇಳಿಯುತ್ತದೆ. ಸಕ್ಕರೆಯಿಂದ ರೆಟಿನಾಗೆ ಏಟು ಬಿದ್ದಿದ್ದರೆ ಮಲ್ಟಿಫೋಕಲ್ ಸಾಮಾನ್ಯವಾಗಿ ಹಾಕುವುದಿಲ್ಲ. ಅಂಥವರಿಗೂ ಅದನ್ನೇ ಒತ್ತಾಯಿಸಿದರೆ ಕಾರಣವನ್ನು ಡಾಕ್ಟರ ಬಾಯಿಂದಲೇ ಕೇಳಿ. ಟೋರಿಕ್ ಬೇಕಾಗುವುದು ಸಿಲಿಂಡರ್ ದೋಷ ಇದ್ದವರಿಗೆ. ಕೆ-ರೀಡಿಂಗ್ (ಕಣ್ಣಿನ ಮುಂಭಾಗದ ಬಾಗಿನ ಅಳತೆ) ತೋರಿಸಿ ಎನ್ನಿ.

ಲೆನ್ಸ್ ಕಂಪನಿ, ಮಾಡೆಲ್, ಬೆಲೆಯನ್ನು ಆಪರೇಷನ್‌ಗೆ ಮೊದಲೇ ಬರೆಸಿಕೊಳ್ಳಿ. ಆಮೇಲೆ ಪವರ್ ಮತ್ತು ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಡಿಸ್ಚಾರ್ಜ್ ಚೀಟಿಯಲ್ಲಿ ಅಂಟಿಸಿದೆಯೇ ನೋಡಿ. ಲೆನ್ಸ್ ಪವರ್ ತಪ್ಪಿತು ಎಂಬ ದೂರು ನಿಜವಾಗಿಯೂ ಗಂಭೀರ: ಕಣ್ಣುಗುಡ್ಡೆಯ ಉದ್ದ ಅಳೆಯುವಾಗ 1 ಮಿ.ಮೀ. ಹೆಚ್ಚುಕಡಿಮೆಯಾದರೆ ಸುಮಾರು 2.5–3 ಡಯಾಪ್ಟರ್ (ಪವರಿನ ಅಳತೆ) ವ್ಯತ್ಯಾಸ ಬರುತ್ತದೆ.

ಇನ್ಶೂರೆನ್ಸ್ ಇದ್ದರೆ ಪಾಲಿಸಿಯಲ್ಲಿ ಪೊರೆಗೆ ಕಾಯುವ ಅವಧಿ ಮತ್ತು ಒಂದು ಕಣ್ಣಿಗೆ ಇಷ್ಟೇ ಎಂಬ ಮಿತಿ ಎರಡನ್ನೂ ಓದಿಕೊಳ್ಳಿ.

ಕಡತ_ನೋಡುವವರು
ನಾನಾದರೆ ಮೊದಲು ಹುಡುಕುವ ರಿವ್ಯೂ ಬೇರೆ: 'ಮೂರನೇ ದಿನ ನೋವು, ಕೆಂಪು, ನೋಟ ಇಳಿಯಿತು, ಫೋನ್ ಎತ್ತಲಿಲ್ಲ.' ಇದು ಕಣ್ಣೊಳಗಿನ ಸೋಂಕಿನ ಲಕ್ಷಣ ಇರಬಹುದು, ಅಂದೇ ನೋಡಲೇಬೇಕು. ಇಂಥ ದೂರು ಬೇರೆ ಬೇರೆಯವರಿಂದ ಬಂದಿದ್ದರೆ ಆ ಆಸ್ಪತ್ರೆ ಬಿಡಿ. ಭಾನುವಾರ ರಾತ್ರಿ ಯಾರು ನೋಡುತ್ತಾರೆ ಅಂತ ಎರಡೂ ಕಡೆ ಕೇಳಿ.

ದೂರಿನ ಕೆಳಗೆ ಆಸ್ಪತ್ರೆ 'ನಮ್ಮನ್ನು ಸಂಪರ್ಕಿಸಿ' ಎಂದಷ್ಟೇ ಬರೆದಿದ್ದರೆ ತಪ್ಪೊಪ್ಪಿಕೊಂಡಂತಲ್ಲ. ರೋಗಿಯ ವಿವರವನ್ನು ಅಲ್ಲಿ ಬಯಲು ಮಾಡುವಂತಿಲ್ಲ.

ಮುಂದೆ ನೀವೇ ಬರೆಯಬೇಕಾಗಿ ಬಂದರೆ ತಾರೀಕು, ಯಾವ ಕಣ್ಣು, ಏನು ಹೇಳಿದ್ದರು, ಬಿಲ್ಲಿನಲ್ಲಿ ಏನಿತ್ತು, ಇಷ್ಟು ಸಾಕು. 'ಕಳ್ಳರು' ಎಂದರೆ ಮಾನಹಾನಿ ಕೇಸಿಗೆ ದಾರಿ. ಚೀಟಿಯ ಫೋಟೋ ಹಾಕಬೇಡಿ. ದಾಖಲೆಗಳಿಗೆ ಲಿಖಿತ ಅರ್ಜಿ ಕೊಡಿ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಚಿಕಿತ್ಸೆಯ ತಪ್ಪಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತು, ಖಾಸಗಿ ಆಸ್ಪತ್ರೆಯ ದರದ ತಕರಾರಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ಜಿಲ್ಲಾ ಪ್ರಾಧಿಕಾರ, ಪರಿಹಾರಕ್ಕೆ ಗ್ರಾಹಕ ಆಯೋಗ. ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು, ರಿವ್ಯೂ ಹಾಕಿದ್ದೇನೆ ಅಂತ ಆ ಗಡುವು ನಿಲ್ಲುವುದಿಲ್ಲ.

ದಾವಣಗೆರೆ_ಓದುಗ
ತುಂಬಾ ಧನ್ಯವಾದ. ಅಮ್ಮ ರಕ್ತ ತೆಳುವಾಗುವ ಮಾತ್ರೆ ತಗೋತಾರೆ, ಮುಂಚೆಯೇ ನಿಲ್ಲಿಸಬೇಕಾ?

ಕನ್ನಡಕದ_ಕೋಣೆ
ನೀವಾಗಿ ನಿಲ್ಲಿಸಲೇಬೇಡಿ. ಮಾತ್ರೆಗಳ ಪಟ್ಟಿ ಒಯ್ದು ಕಣ್ಣಿನ ಡಾಕ್ಟರಿಗೆ ತೋರಿಸಿ, ಮಾತ್ರೆ ಬರೆದುಕೊಟ್ಟವರನ್ನೂ ಕೇಳಿ. ಹನಿ ಹಾಕಿದ ಮೇಲೆ 4–6 ಗಂಟೆ ಮಂಜಾಗಿರುತ್ತದೆ, ಜೊತೆಗೆ ಒಬ್ಬರು ಇರಲಿ.